ಸಿಗರೇಟು ಬಿಡಿಸುವ ಮಾತ್ರೆ: ಡಬ್ಬಿ ಎಸೆಯುವ ಮುನ್ನ

ಸಿಗರೇಟು ಬಿಡಲು ನುಂಗಿದ ಮಾತ್ರೆಯಿಂದ ಕೆಡುಕಾಯಿತೆಂದು ಅಮೆರಿಕದಲ್ಲಿ ವಕೀಲರ ಬಳಿ ಹೋಗುವ ಅನೇಕರು ಬರಿಗೈಯಲ್ಲಿ ಹೋಗುತ್ತಾರೆ. ಡಬ್ಬಿ ಕಸಕ್ಕೆ ಹೋಗಿರುತ್ತದೆ, ತಾರೀಕು ಮರೆತುಹೋಗಿರುತ್ತದೆ. ತಯಾರಿ ಮೊದಲ ಮಾತ್ರೆಗೂ ಮುಂಚೆಯೇ ಆಗಬೇಕು.

1. ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. ಅಪಸ್ಮಾರವಿದ್ದವರಿಗೆ ಇಂಥ ಮಾತ್ರೆಗಳಲ್ಲೊಂದಾದ ಬುಪ್ರೊಪಿಯಾನ್ ಸಲ್ಲದು. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಇನ್ನೊಂದು ಮಾತ್ರೆಯಾದ ವರೆನಿಕ್ಲಿನ್‌ನ ಪ್ರಮಾಣ ಇಳಿಸಬೇಕು. ಕುಡಿತ, ಹಳೆಯ ಖಿನ್ನತೆ ಎರಡನ್ನೂ ಹೇಳಿ. ಉಬ್ಬಸದ ಔಷಧ ತಿಯೋಫಿಲಿನ್ ಅಥವಾ ಮನೋರೋಗದ ಔಷಧ ಕ್ಲೊಜಪಿನ್ ಸೇವಿಸುವವರು ಅದನ್ನು ಹೇಳಲೇಬೇಕು: ಹೊಗೆ ನಿಂತೊಡನೆ ರಕ್ತದಲ್ಲಿ ಅವುಗಳ ಮಟ್ಟ ಏರುತ್ತದೆ.

2. ಡಬ್ಬಿ, ಔಷಧ ಅಂಗಡಿಯ ಚೀಟಿ, ಒಳಗಿನ ಮಾಹಿತಿ ಪತ್ರ ಎಲ್ಲವನ್ನೂ ಒಂದು ಲಕೋಟೆಯಲ್ಲಿಡಿ. ವೈದ್ಯರ ಚೀಟಿ ಇಲ್ಲದೆ ಮಾತ್ರೆ ಮಾರುವ ಜಾಲತಾಣಗಳತ್ತ ತಲೆ ಹಾಕಬೇಡಿ.

3. ಎಲ್ಲರೂ ಎಡವುವುದು ದಿನಚರಿ ಬರೆದಿಡುವುದರಲ್ಲಿ. ಬಿಟ್ಟವರಿಗೆ ಸಿಡುಕು, ನಿದ್ರಾಭಂಗ, ಮಂಕು ಹೇಗೂ ಬರುತ್ತವೆ. ‘ಅದು ಸಿಗರೇಟು ಬಿಟ್ಟದ್ದರ ಫಲ, ಮಾತ್ರೆಯದಲ್ಲ’ ಎಂಬುದೇ ಕಂಪನಿಯ ಮೊದಲ ವಾದ. ವರೆನಿಕ್ಲಿನ್ ಅನ್ನು ಸಾಮಾನ್ಯವಾಗಿ ಸಿಗರೇಟು ಬಿಡುವ ದಿನಕ್ಕೆ ಒಂದು ವಾರ ಮೊದಲು ಶುರುಮಾಡುತ್ತಾರೆ: ಮೂರು ದಿನ ದಿನಕ್ಕೊಮ್ಮೆ 0.5 ಮಿಲಿಗ್ರಾಂ, ಮುಂದಿನ ನಾಲ್ಕು ದಿನ ಎರಡು ಸಲ ಅದೇ ಪ್ರಮಾಣ, ಎಂಟನೆಯ ದಿನದಿಂದ ಎರಡು ಸಲ 1 ಮಿಲಿಗ್ರಾಂ. ಆ ಏಳು ದಿನ ಮಾತ್ರೆಯೂ ಇದೆ, ಸಿಗರೇಟೂ ಇದೆ. ಎಂದಿನಷ್ಟೇ ಸೇದುತ್ತಿರುವಾಗ ಹುಟ್ಟಿದ ವಿಚಿತ್ರ ಕನಸು, ಕೋಪ, ಕತ್ತಲೆಯ ಯೋಚನೆಗಳನ್ನು ಬಿಟ್ಟದ್ದರ ಮೇಲೆ ಹೊರಿಸುವುದು ಕಷ್ಟ. ಆದ್ದರಿಂದ ಮಾತ್ರೆಗೂ ಒಂದು ವಾರ ಮುಂಚೆಯೇ ಬರೆಯಲು ಕೂರಿ: ಎಷ್ಟು ಸೇದಿದಿರಿ, ಎಷ್ಟು ನಿದ್ರಿಸಿದಿರಿ, ಕುಡಿದಿರಾ, ಮನಸ್ಸು ಹೇಗಿತ್ತು. ಮನೆಯವರೊಬ್ಬರು ಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಬದಲಾವಣೆ ಮೊದಲು ಕಾಣುವುದು ಅವರಿಗೆ. ಮೊಬೈಲ್ ಆ್ಯಪ್ ನನಗೆ ಹಿಡಿಸದು. ತಾರೀಕು ಹಾಕಿದ ಕಾಗದದ ಪುಸ್ತಕವೇ ಇರಲಿ.



4. ಸಾಯುವ ಯೋಚನೆ, ಸೆಳವು, ಮುಖದ ಊತ ಕಂಡರೆ ಮಾತ್ರೆ ನಿಲ್ಲಿಸಿ, ತಕ್ಷಣ ವೈದ್ಯಕೀಯ ನೆರವು ಪಡೆಯಿರಿ. ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡ್ಡಪರಿಣಾಮಗಳ ದೂರಿಗಾಗಿ ಇಟ್ಟಿರುವ ಮೆಡ್‌ವಾಚ್‌ಗೆ ವರದಿ ಮಾಡಿ.

5. ವಕೀಲರ ಜಾಹೀರಾತಿಗೆ ಮರುಳಾಗಬೇಡಿ. ವರೆನಿಕ್ಲಿನ್‌ಗೆ 2009ರಲ್ಲಿ ಅಂಟಿಸಿದ, ಅತಿ ಗಂಭೀರ ಅಪಾಯಕ್ಕೆಂದು ಹಾಕುವ ಚೌಕಟ್ಟಿನ ಎಚ್ಚರಿಕೆಯನ್ನು ಸುಮಾರು ಎಂಟು ಸಾವಿರ ಜನರ ಪ್ರಯೋಗದ ಬಳಿಕ 2016ರಲ್ಲಿ ತೆಗೆದರು. ಮಾನಸಿಕ ಪರಿಣಾಮಗಳ ಸಾಧಾರಣ ಎಚ್ಚರಿಕೆ ಉಳಿದಿದೆ. ಅದನ್ನು ಚಾಂಟಿಕ್ಸ್ ಹೆಸರಿನಲ್ಲಿ ಮಾರಿದ ಫೈಜರ್ ವಿರುದ್ಧದ ಹಳೆಯ ಸಾವಿರಾರು ಮೊಕದ್ದಮೆಗಳು ಬಹುತೇಕ 2013ರ ಹೊತ್ತಿಗೇ ರಾಜಿಯಾದವು. 2021ರಲ್ಲಿ ಕ್ಯಾನ್ಸರ್ ತರಬಹುದಾದ ನೈಟ್ರೊಸಮೀನ್ ಕಲ್ಮಶಕ್ಕಾಗಿ ಚಾಂಟಿಕ್ಸ್ ಹಿಂಪಡೆದದ್ದು ನಿಜ. ಆದರೆ ಹಿಂಪಡೆದ ಮಾತ್ರೆ ನುಂಗಿದ್ದಷ್ಟೇ ಪರಿಹಾರಕ್ಕೆ ಸಾಲದು, ಹಾನಿ ತೋರಿಸಬೇಕು. ಎಚ್ಚರಿಕೆ ವೈದ್ಯರಿಗೆ ತಲುಪಿದ್ದರೆ ಸಾಕೆಂದು ಅನೇಕ ರಾಜ್ಯಗಳ ನ್ಯಾಯಾಲಯಗಳು ಹೇಳುತ್ತವೆ.

ಲಕೋಟೆ ಕೆಲಸಕ್ಕೆ ಬರುವುದು ಇಲ್ಲೇ. 2011ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಎಚ್ಚರಿಕೆ ಸಾಲದೆಂಬ ರಾಜ್ಯ ಕಾನೂನಿನ ದಾವೆ ಜೆನರಿಕ್ (ಅದೇ ಔಷಧವನ್ನು ಮೂಲ ಬ್ರ್ಯಾಂಡ್ ಇಲ್ಲದೆ ಮಾಡುವ) ತಯಾರಕರ ವಿರುದ್ಧ ಹೆಚ್ಚಾಗಿ ನಿಲ್ಲದು. ಅಂಗಡಿಯವರು ಪ್ರತಿ ತಿಂಗಳೂ ಬೇರೆ ಕಂಪನಿಯ ಮಾತ್ರೆ ಕೊಟ್ಟಿರಬಹುದು. ಯಾವುದೆಂದು ಡಬ್ಬಿಯೇ ಹೇಳಬೇಕು. ದಾವೆ ಹೂಡುವ ಗಡುವು ಹಲವು ರಾಜ್ಯಗಳಲ್ಲಿ ಎರಡು ಮೂರು ವರ್ಷ, ಕೆಲವೆಡೆ ಒಂದೇ ವರ್ಷ. ವಕೀಲರಿಗೆ ದಿನಚರಿಯ ಪ್ರತಿ ಕೊಡಿ, ಮೂಲ ನಿಮ್ಮಲ್ಲೇ ಇರಲಿ.