ಚುಕ್ಕೆ ಹುಳು ಬೇಕಿದ್ದರೆ ಮೊದಲು ಬಳಚಿನ ಚಿಪ್ಪು ನೋಡಿ

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಮರಳು ದಿಬ್ಬಗಳು ಮೇಲೇಳುತ್ತವೆ. ಅಲ್ಲಿ ನಾನು ಹುಡುಕುವುದು ನಾಟಿಕಾ ಟೈಗ್ರಿನಾ ಎಂಬ ಸಮುದ್ರದ ಬಸವನಹುಳುವನ್ನು. ಹಳೇ ಪುಸ್ತಕಗಳಲ್ಲಿ ಈ ಹೆಸರಿದೆ, ಈಗಿನ ಪಟ್ಟಿಗಳಲ್ಲಿ ಪ್ಯಾರಾಟೆಕ್ಟೊನಾಟಿಕಾ ಟೈಗ್ರಿನಾ ಅಂತಿರುತ್ತದೆ. 1798ರಲ್ಲಿ ಇದಕ್ಕೆ ಹೆಸರಿಟ್ಟವರು ಜರ್ಮನಿಯ ಚಿಪ್ಪುತಜ್ಞ ರೋಡಿಂಗ್. ಗುಂಡನೆಯ, ನುಣುಪಾದ ಚಿಪ್ಪು. ಕೆನೆ ಬಣ್ಣದ ಮೈತುಂಬ ಕಂದು ಚುಕ್ಕೆಗಳು. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಚಂದದ ಸಣ್ಣ ಚಿಪ್ಪು ನನಗಂತೂ ಕಂಡಿಲ್ಲ.

ಚುಕ್ಕೆಯನ್ನೇ ಹುಡುಕುತ್ತಾ ನಡೆದರೆ ಹುಳು ಸಿಗುವುದು ಕಷ್ಟ. ಅದು ಹೆಚ್ಚು ಹೊತ್ತು ಮರಳೊಳಗೇ ಇರುತ್ತದೆ. ಈ ಹುಳು ಬಳಚನ್ನು, ಅಂದರೆ ಎರಡು ಚಿಪ್ಪಿನ ಕಪ್ಪೆಚಿಪ್ಪನ್ನು, ಕೊರೆದು ತಿನ್ನುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಖಾಲಿ ಬಳಚಿನ ಚಿಪ್ಪುಗಳನ್ನು. ಬಳಚಿನ ಮೂತಿಯ ಹತ್ತಿರ, ಅಂದರೆ ಎರಡು ಚಿಪ್ಪು ಕೂಡುವ ಉಬ್ಬಿದ ಜಾಗದ ಸುತ್ತ, ಒಂದು ದುಂಡನೆಯ ತೂತು ಇದೆಯಾ ನೋಡಿ. ಹೊರಗೆ ಅಗಲ, ಒಳಗೆ ಹೋಗುತ್ತಾ ಕಿರಿದು, ಅಂಚು ನಯ. ಕಲ್ಲಿಗೆ ಬಡಿದು ಆದ ತೂತು ಹೀಗಿರುವುದಿಲ್ಲ, ಅಂಚು ಒಡೆದಿರುತ್ತದೆ. ಮುರೆಕ್ಸ್ ಎಂಬ ಇನ್ನೊಂದು ಬಗೆಯ ಸಮುದ್ರದ ಬಸವನಹುಳುಗಳೂ ಕೊರೆಯುತ್ತವೆ, ಆದರೆ ಅವುಗಳ ತೂತು ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಅಲ್ಲಿ ಬಳಚು ತೆಗೆಯುವ ಒಬ್ಬ ಅಮ್ಮ ನನಗೆ ಹೇಳಿದ್ದು: "ತಮಾ, ತೂತು ಇದ್ದ ಬಳಚಲ್ಲಿ ಮಾಂಸ ಎಲ್ಲಿಂದ ಬರೂದು?" ತೂತು ಬಿದ್ದ ಹೊಸ ಚಿಪ್ಪುಗಳು ಒಂದೇ ಕಡೆ ಜಾಸ್ತಿ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ.

ಆ ತೂತಿನ ಹಿಂದಿರುವ ಕೆಲಸ ಅಷ್ಟು ಸುಲಭದ್ದಲ್ಲ. ಹುಳು ತನ್ನ ದೊಡ್ಡ ಪಾದದಿಂದ ಬಳಚನ್ನು ಪೂರ್ತಿ ಸುತ್ತಿಕೊಳ್ಳುತ್ತದೆ. ಸೊಂಡಿಲಿನಲ್ಲಿರುವ ಒಂದು ಗ್ರಂಥಿಯಿಂದ ಆಮ್ಲ ಒಸರಿಸಿ ಸುಣ್ಣವನ್ನು ಮೆತ್ತಗಾಗಿಸುತ್ತದೆ, ಆಮೇಲೆ ಸಾಲು ಹಲ್ಲುಗಳಿರುವ ನಾಲಗೆಯಿಂದ ಕೆರೆಯುತ್ತದೆ. ಮತ್ತೆ ಆಮ್ಲ, ಮತ್ತೆ ಕೆರೆತ. ಒಂದು ತೂತಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧಕ್ಕೇ ನಿಂತ ಗುಂಡಿಗಳೂ ಸಿಗುತ್ತವೆ. ಏನೋ ಅಡ್ಡಿಯಾಗಿ ಆ ಬಳಚು ಉಳಿದುಕೊಂಡಿದೆ ಅಂತ ಅರ್ಥ.

ಮುಂದಿನ ಗುರುತು ಜಾಡು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನ ಹೋಗಿ, ಆಗ ನೀರು ಜಾಸ್ತಿ ಇಳಿಯುತ್ತದೆ. ಇಳಿತ ಮುಗಿಯುವ ಸ್ವಲ್ಪ ಮೊದಲೇ ಅಲ್ಲಿರಬೇಕು. ಇನ್ನೂ ಒದ್ದೆಯಿರುವ ಮರಳಿನ ಮೇಲೆ ಬೆರಳಗಲದ ಗೆರೆ ಬಾಗುತ್ತಾ ಹೋಗಿ ಒಂದು ಸಣ್ಣ ಉಬ್ಬಿನಲ್ಲಿ ನಿಂತಿರುತ್ತದೆ. ಆ ಉಬ್ಬನ್ನು ಪಕ್ಕದಿಂದ ಮೆಲ್ಲಗೆ ಸರಿಸಿದರೆ ಹುಳು ಸಿಗಬಹುದು. ಮುಟ್ಟಿದ ಕೂಡಲೇ ಅದು ಒಳಗೆ ಸರಿದು ಬಾಗಿಲು ಹಾಕಿಕೊಳ್ಳುತ್ತದೆ. ಆ ಬಾಗಿಲನ್ನು, ಅಂದರೆ ಚಿಪ್ಪಿನ ಬಾಯಿ ಮುಚ್ಚುವ ಮುಚ್ಚಳವನ್ನು, ಚೆನ್ನಾಗಿ ನೋಡಿ. ಈ ಗುಂಪಿನಲ್ಲಿ ಅದು ಬಿಳಿ, ಸುಣ್ಣದಂತೆ ಗಟ್ಟಿ. ಇದರ ಹತ್ತಿರದ ನೆಂಟ ಪಾಲಿನೈಸಿಸ್‌ನಲ್ಲಿ ಅದು ತೆಳ್ಳಗೆ, ಉಗುರಿನಂತೆ ಕಂದು. ಫೋಟೊ ತೆಗೆದು, ಸಿಕ್ಕಿದ ಜಾಗದಲ್ಲೇ ಬಿಟ್ಟು ಬರುತ್ತೇನೆ. ಚಿಪ್ಪಿನ ಆಸೆಗೆ ಬದುಕಿರುವ ಹುಳುವನ್ನು ಕುದಿಸುವುದು ನನಗೆ ಒಪ್ಪುವ ಮಾತೇ ಅಲ್ಲ.

ಅದೇ ಮರಳಿನಲ್ಲಿ ಬೂದು ಬಣ್ಣದ, ಅಂಗಿ ಕಾಲರ್ ಆಕಾರದ ಪಟ್ಟಿಯೊಂದು ಸಿಕ್ಕರೆ ರಬ್ಬರ್ ತುಂಡು ಅಂತ ಎಸೆಯಬೇಡಿ. ಅದು ಈ ಕುಟುಂಬದ ಹುಳುಗಳ ಮೊಟ್ಟೆ. ಮರಳಿನ ಕಣಗಳನ್ನು ಲೋಳೆಯಿಂದ ಅಂಟಿಸಿ, ನಡುವೆ ಮೊಟ್ಟೆಗಳನ್ನಿಟ್ಟು ಮಾಡಿದ ಪಟ್ಟಿ. ಒದ್ದೆಯಿದ್ದಾಗ ಬಾಗುತ್ತದೆ, ಒಣಗಿದರೆ ಪುಡಿಯಾಗುತ್ತದೆ. ಎತ್ತದೇ ಇರುವುದೇ ಒಳ್ಳೆಯದು.

ಮನೆಗೆ ತರುವುದು ಖಾಲಿ ಚಿಪ್ಪು ಮಾತ್ರ. ಅದೂ ಖಾಲಿ ಅಂತ ಖಾತ್ರಿಯಾದ ಮೇಲೆ. ಖಾಲಿ ಚಿಪ್ಪಿನೊಳಗೆ ಮನೆ ಮಾಡುವ ಸನ್ಯಾಸಿ ಏಡಿಗಳಿಗೆ ಈ ಗುಂಡು ಚಿಪ್ಪು ಬಹಳ ಇಷ್ಟ. ಹಾಗಾಗಿ ಸ್ವಲ್ಪ ನೀರಿರುವ ಕುಣಿಯಲ್ಲಿ ಚಿಪ್ಪನ್ನಿಟ್ಟು ಕಾಯುತ್ತೇನೆ. ಕಾಲು ಹೊರಗೆ ಬಂತೋ, ಅಲ್ಲೇ ಬಿಡುತ್ತೇನೆ. ಬೇರೆ ಚಿಪ್ಪುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ದೊಡ್ಡ ಶಂಖಗಳು 1972ರ ವನ್ಯಜೀವಿ ಕಾಯ್ದೆಯಡಿ ಬರುತ್ತವೆ.

ತೊಳೆಯಲು ಸಿಹಿನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನೀರು ಬದಲಿಸುತ್ತಾ ಉಪ್ಪು ಹೋಗುವ ತನಕ ನೆನೆಸಿ, ನೆರಳಲ್ಲಿ ಒಣಗಿಸಿ. ಆ್ಯಸಿಡ್ ಹಾಕಿದರೆ ಹೊಳಪೂ ಹೋಗುತ್ತದೆ, ಚುಕ್ಕೆಯೂ ಹೋಗುತ್ತದೆ. ಮರದ ಪೆಟ್ಟಿಗೆ, ಸಾಧಾರಣ ರಟ್ಟಿನ ಡಬ್ಬಿ ಬೇಡ. ಅವುಗಳಿಂದ ಹೊರಡುವ ಆಮ್ಲದ ಆವಿ ವರ್ಷಗಳು ಕಳೆದಂತೆ ಚಿಪ್ಪನ್ನು ತಿಂದು ಮೇಲೆ ಬಿಳಿ ಪುಡಿ ಬರಿಸುತ್ತದೆ. ನಾನು ಪ್ಲಾಸ್ಟಿಕ್ ಡಬ್ಬಿ ಬಳಸುತ್ತೇನೆ.

ಡಬ್ಬಿಯೊಳಗೆ ಒಂದು ಚೀಟಿ ಇರಲೇಬೇಕು: ಯಾವ ಜಾಗ, ಯಾವ ದಿನ, ಮರಳೋ ಕೆಸರೋ, ಹತ್ತಿರ ಯಾವ ಬಳಚು ಇತ್ತು. ಚೀಟಿ ಇಲ್ಲದ ಚಿಪ್ಪು ಬರೀ ಅಲಂಕಾರದ ಸಾಮಾನು. ತೂತು ಬಿದ್ದ ಚುಕ್ಕೆ ಚಿಪ್ಪು ಸಿಕ್ಕರೆ ತುಂಬಾ ಜನ ಎಸೆದುಬಿಡುತ್ತಾರೆ, ಅಲ್ವಾ? ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ಹುಳುಗಳು ತಮ್ಮ ಜಾತಿಯನ್ನೂ ಕೊರೆದು ತಿನ್ನುತ್ತವೆ. ಅಂಥ ತೂತು ಕಂಡರೆ ಅದರ ಅಗಲವನ್ನು ಅಳೆದು ಚೀಟಿಯಲ್ಲಿ ಬರೆದಿಡಿ. ಸಾಮಾನ್ಯವಾಗಿ ಕೊರೆದ ಹುಳು ದೊಡ್ಡದಿದ್ದಷ್ಟೂ ತೂತು ದೊಡ್ಡದಿರುತ್ತದೆ.