ಹಳೇ ಬೋರ್ಡು ಶಾಲೆ ಮ್ಯೂಸಿಯಂ ಆದದ್ದು: ನನ್ನ ಅನುಭವ

ಕರಾವಳಿಯ ನಮ್ಮೂರಿನ ಹಳೇ ಶಾಲೆಯನ್ನು ಮ್ಯೂಸಿಯಂ ಮಾಡುತ್ತೇವೆ ಎಂದು ಗೊತ್ತಾದ ಕೂಡಲೇ ಜನ ಹಿತ್ತಾಳೆ ಹಂಡೆ, ಸೇರು, ನೊಗ, ಕಡೆಯುವ ಕಲ್ಲು ಎಲ್ಲ ತಂದುಕೊಟ್ಟರು. ಪ್ರೀತಿಯಿಂದಲೇ ತಂದರು. ಆದರೂ ಹೆಚ್ಚಿನವನ್ನು ನಾವು ತೆಗೆದುಕೊಳ್ಳಲಿಲ್ಲ. ಹಂಡೆ, ನೊಗ ನೋಡಲು ಬೇರೆ ಕಡೆ ಬೇಕಾದಷ್ಟು ಮ್ಯೂಸಿಯಂಗಳಿವೆ. ಈ ಕಟ್ಟಡ ಹೇಳಬೇಕಾದದ್ದು ಇಲ್ಲಿ ಯಾರು ಕಲಿತರು, ಯಾರಿಗೆ ಕಲಿಯಲು ಆಗಲಿಲ್ಲ ಎಂಬುದನ್ನು. ನಿವೃತ್ತ ಮಾಷ್ಟ್ರಾದ ನನಗೆ ಇದರಲ್ಲಿ ರಾಜಿ ಮಾಡಿಕೊಳ್ಳಲು ಮನಸ್ಸಿರಲಿಲ್ಲ.

ಮೊದಲು ಶಾಲೆಯ ವಯಸ್ಸು ತಿಳಿಯಬೇಕಿತ್ತು. ಬಾಗಿಲ ಮೇಲಿನ ಕಲ್ಲಿನಲ್ಲಿ ಒಂದು ವರ್ಷ ಕೆತ್ತಿದೆ. ಅದು ಕಟ್ಟಡದ ವರ್ಷ. ಶಾಲೆ ಅದಕ್ಕಿಂತ ಹಳೆಯದು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳು ಯಾರದೋ ಮನೆ ಜಗಲಿಯಲ್ಲಿ ಐಗಳ ಶಾಲೆಯಾಗಿ ಶುರುವಾದವು. ಒಬ್ಬ ಐಗಳು, ಮರಳಿನ ಮೇಲೆ ಬೆರಳಿನಿಂದ ತಿದ್ದುವ ಮಕ್ಕಳು, ಅಷ್ಟೇ. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಆ ಕಾಲದಲ್ಲಿ ಇಂಥ ಕೆಲವು ಶಾಲೆಗಳು ಬೋರ್ಡಿಗೆ, ಅಂದರೆ ಆಗಿನ ಸ್ಥಳೀಯ ಆಡಳಿತ ಮಂಡಳಿಗೆ ಸೇರಿದವು, ಕೆಲವು ಸರಕಾರದ ಅನುದಾನ ಪಡೆಯುವ ಖಾಸಗಿ ಶಾಲೆಗಳು, ಅಂದರೆ ಏಡೆಡ್ ಆದವು. ನಮ್ಮದು ಬೋರ್ಡಿಗೆ ಸೇರಿತು.

ಜಾಗದ ಹಳೇ ಕಾಗದಗಳಲ್ಲಿ ಇದ್ದದ್ದು ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್‌ವರೆಗೆ. ಈ ಲೆಕ್ಕ ಗೊತ್ತಿಲ್ಲದೆ ಹಳೇ ಕಂದಾಯ ಕಾಗದ ಓದಲು ಕೂರಬಾರದು.

ಮಾಡಿನ ಹೆಂಚೂ ಸಾಕ್ಷಿ ಹೇಳುತ್ತದೆ. ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನ ಮಂಗಳೂರು ಹೆಂಚುಗಳಲ್ಲಿ 1865 ಎಂದು ಕಂಡರೆ ಹೆಂಚು ಅಷ್ಟು ಹಳೆಯದು ಎಂದು ಹಿಗ್ಗಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಶನ್‌ನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಕಾಮನ್‌ವೆಲ್ತ್ ಅಚ್ಚಿನ ಹೆಂಚು ಯುದ್ಧದ ನಂತರದ್ದು. ನಮ್ಮ ಮಾಡಿನಲ್ಲಿ ಎರಡೂ ಇವೆ. ನಡುನಡುವೆ ಹೆಂಚು ಬದಲಿಸಿದ್ದಾರೆ ಎಂದರ್ಥ, ಅಲ್ವಾ? ಅದಕ್ಕೇ ಹೆಂಚೊಂದನ್ನೇ ನೆಚ್ಚಿಕೊಂಡು ಕಟ್ಟಡದ ವಯಸ್ಸು ಹೇಳಲಾಗದು.

ರಿಪೇರಿಯಲ್ಲಿ ಒಂದೇ ವಿಷಯಕ್ಕೆ ನಾನು ಗಟ್ಟಿಯಾಗಿ ನಿಂತದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸಿಮೆಂಟು ಬಳಿಯಬಾರದು. ಸಿಮೆಂಟು ಒಳಗಿನ ತೇವವನ್ನು ಹೊರಬಿಡುವುದಿಲ್ಲ, ನಮ್ಮ ಮಳೆಗಾಲದಲ್ಲಿ ಗೋಡೆ ಒಳಗಿಂದಲೇ ಹಾಳಾಗುತ್ತದೆ. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ ತಂದೆವು. ಖರ್ಚು ಜಾಸ್ತಿಯಾಯಿತು. ಆದರೆ ಮರುಮಳೆಗೆ ಗೋಡೆ ಒಣಗಿಯೇ ಇತ್ತು.

ಈ ಮ್ಯೂಸಿಯಂನ ಜೀವ ಇರುವುದು ದಾಖಲಾತಿ ಪುಸ್ತಕದಲ್ಲಿ, ಅಂದರೆ ಶಾಲೆಗೆ ಸೇರಿದ ಮಕ್ಕಳ ವಿವರ ಬರೆದಿಟ್ಟ ಪುಸ್ತಕದಲ್ಲಿ. ಮೂಲ ಪುಸ್ತಕ ಹೊಸ ಶಾಲೆಯಲ್ಲೇ ಉಳಿಯಿತು, ಉಳಿಯಬೇಕು ಕೂಡ. ಇವತ್ತಿಗೂ ಹುಟ್ಟಿದ ದಿನದ ದಾಖಲೆಗೆ ಜನ ಅದನ್ನೇ ಕೇಳಿಕೊಂಡು ಬರುತ್ತಾರೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಪ್ರತಿ ಹಾಳೆಯ ಫೋಟೋ ತೆಗೆದೆವು. ಹಾಳೆಯನ್ನು ಒತ್ತಿ ಚಪ್ಪಟೆ ಮಾಡಲಿಲ್ಲ. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದೆವು. ಹರಿದಲ್ಲಿಗೆ ಸೆಲ್ಲೋಟೇಪು ಹಚ್ಚಲಿಲ್ಲ. ಲ್ಯಾಮಿನೇಶನ್ ಮಾತಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಹಾಳೆಯನ್ನು ಬಿಡಿಸಲು ಆಗುವುದಿಲ್ಲ. ಊರವರು ಕೊಟ್ಟ ಕಾಪಿ ಪುಸ್ತಕ, ಸರ್ಟಿಫಿಕೇಟುಗಳನ್ನು ಗೋಡೆಗೆ ತಾಗದ ಕಪಾಟಿನಲ್ಲಿ ಅಡ್ಡ ಮಲಗಿಸಿದ್ದೇವೆ. ಕಾಗದದ ಮೇಲೆ ಬೆಳಕು 50 ಲಕ್ಸ್ (ಬೆಳಕು ಅಳೆಯುವ ಮಾನ) ದಾಟಬಾರದು ಎಂಬುದು ಮ್ಯೂಸಿಯಂನವರ ರೂಢಿ. ಅದಕ್ಕೆ ಕಿಟಕಿ ಬಾಗಿಲು ಅರ್ಧ ಮುಚ್ಚಿರುತ್ತವೆ.

ಆ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಮ್ ಇದೆ. ನಾನು ಬಹಳ ಹೊತ್ತು ಕಳೆದದ್ದು ಅದರ ಮುಂದೆ. ‘ಬೊಂಬಾಯಿಗೆ ಹೋದ’, ‘ಘಟ್ಟದ ಮೇಲೆ ಹೋದ’ ಎಂದು ಮತ್ತೆ ಮತ್ತೆ ಬರುತ್ತದೆ. ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ ಮಕ್ಕಳು ಅವರು. ಹುಡುಗಿಯರ ಹೆಸರಿನ ಮುಂದೆ ಹೆಚ್ಚಾಗಿ ಇರುವುದು ‘ಸತತ ಗೈರು’. ಅಷ್ಟೇ ಓದಿದರೆ ಅವರಿಗೇ ಕಲಿಯಲು ಮನಸ್ಸಿರಲಿಲ್ಲ ಎನಿಸುತ್ತದೆ. ಹಾಗೆ ಹೆಸರು ತೆಗೆದು ಹಾಕಿಸಿಕೊಂಡ ಒಬ್ಬ ಅಜ್ಜಿಯ ಮನೆಗೆ ಹೋಗಿ ಕೇಳಿದೆ. ‘ಗೈರು ಅಲ್ಲ ಮಾಷ್ಟ್ರೇ, ತಮ್ಮ ಹುಟ್ಟಿದ. ಅಮ್ಮ ಗದ್ದೆಗೆ ಹೋಗ್ಬೇಕಿತ್ತು. ಅವನನ್ನು ಎತ್ತಿಕೊಳ್ಳೋರು ಯಾರು?’ ಎಂದರು. ಆಮೇಲೆ ಕಿಟಕಿ ಹೊರಗೆ ನಿಂತು ಮಗ್ಗಿ ಕೇಳಿಸಿಕೊಂಡೇ ಕಲಿತರಂತೆ. ಹದಿನಾರರ ಮಗ್ಗಿಯವರೆಗೂ ತಡವರಿಸದೆ ಹೇಳಿದರು.

ಅಂದಿನಿಂದ ಕ್ರಮ ಬದಲಾಯಿತು. ಪುಸ್ತಕ ಹೇಳಿದ್ದು ಒಂದು ಕಡೆ, ಜನ ಹೇಳಿದ್ದು ಪಕ್ಕದಲ್ಲಿ. ಎರಡನ್ನೂ ಒಂದೇ ಹಲಗೆಯಲ್ಲಿ ಬರೆಯುತ್ತೇವೆ. ಹೆಸರು ಮತ್ತು ಜಾತಿಯ ಕಾಲಮ್ ಮುಚ್ಚಿಯೇ ಹಾಳೆ ತೋರಿಸುತ್ತೇವೆ. ಊರು ಸಣ್ಣದು, ಮೊಮ್ಮಕ್ಕಳು ನೋಡಲು ಬರುತ್ತಾರೆ.

ಸ್ಲೇಟು, ಬಳಪ, ಮಸಿ ಕುಡಿಕೆ, ಗಂಟೆಯಾಗಿ ಬಡಿಯುತ್ತಿದ್ದ ರೈಲು ಕಂಬಿಯ ತುಂಡು, ಇವೆಲ್ಲ ಸುಲಭವಾಗಿ ಸಿಕ್ಕವು. ಮಕ್ಕಳಿಗೆ ಆ ಕಂಬಿ ಬಡಿಯಲು ಬಿಡುತ್ತೇವೆ. ಅಮೆರಿಕದ ಕೇರ್ ಸಂಸ್ಥೆ ಕಳಿಸುತ್ತಿದ್ದ ಗೋಧಿ ನುಚ್ಚಿನಿಂದ ಶಾಲೆಯ ಮಕ್ಕಳಿಗೆ ಸಜ್ಜಿಗೆ ಬೇಯಿಸಿದ ಪಾತ್ರೆಯೂ ಒಂದು ಮನೆಯಲ್ಲಿತ್ತು. ಅದನ್ನು ಕಂಡ ಹಳೇ ವಿದ್ಯಾರ್ಥಿಗಳು ತಾವಾಗಿಯೇ ಮಾತಿಗೆ ತೊಡಗುತ್ತಾರೆ. ಈಗ ಒಬ್ಬ ಹುಡುಗ ಮೊಬೈಲ್ ಹಿಡಿದು ಅಲ್ಲೇ ಕೂರುತ್ತಾನೆ. ಒಪ್ಪಿದವರ ಮಾತು ರೆಕಾರ್ಡ್ ಮಾಡಿ, ದಾಖಲಾತಿ ನಂಬರಿನ ಜೊತೆ ಜೋಡಿಸುತ್ತಾನೆ.