ವೆಂಡರ್‌ಗಳೂ ಇರಲಿ, ಲೆಕ್ಕವೂ ಇರಲಿ: ಸೋಲಾರ್ ಗ್ರೂಪ್ ನಡೆಸಿದ ನನ್ನ ಅನುಭವ

ಚಾವಣಿ ಸೋಲಾರ್ ಬಗ್ಗೆ ಟೆಲಿಗ್ರಾಂ ಗ್ರೂಪ್ ಮಾಡಿದಾಗ ಬಂದ ಸಲಹೆಯೆಲ್ಲ ಒಂದೇ: "ವೆಂಡರ್‌ಗಳನ್ನ ಒಳಗೆ ಬಿಡಬೇಡಿ ಸರ್, ಗ್ರೂಪ್ ಸಂತೆ ಆಗುತ್ತೆ." ನನಗೆ ಅದು ಒಪ್ಪಿಗೆಯಾಗಲಿಲ್ಲ. ಪ್ಯಾನೆಲ್ ಹಾಕಿಸಿಕೊಂಡವರಿಗೆ ತಮ್ಮ ಒಂದು ಮನೆ ಗೊತ್ತು, ಹಾಕುವವರಿಗೆ ನೂರಾರು ಚಾವಣಿ ಗೊತ್ತು. ಯಾವ ಸಬ್‌ಡಿವಿಷನ್‌ನಲ್ಲಿ ಬೈ-ಡೈರೆಕ್ಷನಲ್ ಮೀಟರ್‌ಗೆ (ಬಂದ ಕರೆಂಟ್, ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕಾಯಿಸುತ್ತಾರೆ, ಕರಾವಳಿಯ ಉಪ್ಪುಗಾಳಿಗೆ ಪ್ಯಾನೆಲ್ ಹೊರುವ ಸ್ಟ್ರಕ್ಚರ್‌ನ ಯಾವ ಜಾಯಿಂಟ್ ಮೊದಲು ತುಕ್ಕು ಹಿಡಿಯುತ್ತದೆ, ಮಂಗನ ಕಾಟ ಇರುವ ಕಡೆ ಕೇಬಲ್ ಹೇಗೆ ಎಳೆಯಬೇಕು, ಇದೆಲ್ಲ ಅವರ ಕೈಯಲ್ಲಿರುವ ವಿದ್ಯೆ. ಅವರನ್ನು ಆಚೆ ನಿಲ್ಲಿಸಿದರೆ ಉಳಿಯುವುದು ಯೂಟ್ಯೂಬ್ ನೋಡಿ ಬಂದವರ ವಾದ ಮಾತ್ರ.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಸೋಲಾರ್ ಮಾರುವುದಿಲ್ಲ, ಯಾರಿಂದಲೂ ಕಮಿಷನ್ ಪಡೆಯುವುದಿಲ್ಲ. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸ, ಮನೆ ಮೇಲೆ 3 ಕಿಲೋವ್ಯಾಟ್ ಆನ್‌ಗ್ರಿಡ್, ಅಂದರೆ ಲೈನಿಗೇ ಜೋಡಿಸಿದ ಸೋಲಾರ್ ಇದೆ. ಗ್ರೂಪಿನಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಲ್ಲ ಕಡೆಯವರೂ ಇದ್ದಾರೆ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಗ್ರೂಪಿನ ಚಹರೆಯೇ ಬದಲಾಯಿತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಎಂದ ಕೂಡಲೇ ಕೊಳ್ಳುವವರೂ ಬಂದರು, ಅವರ ಬೆನ್ನಿಗೆ ಮಾರುವವರೂ ಬಂದರು. ಯಾರೋ ಒಂದು ಪ್ರಶ್ನೆ ಹಾಕಿದರೆ ನಿಮಿಷದೊಳಗೆ ನಾಲ್ಕು ಫೋನ್ ನಂಬರ್. "ನಾವು ಗವರ್ನಮೆಂಟ್ ಅಪ್ರೂವ್ಡ್" ಎಂಬ ಬ್ಯಾನರ್, ಪಕ್ಕದಲ್ಲಿ ಪ್ರಧಾನಿಯವರ ಫೋಟೋ. ಯೋಜನೆಯ ನ್ಯಾಷನಲ್ ಪೋರ್ಟಲ್‌ನಲ್ಲಿ ವೆಂಡರ್ ಆಗಿ ನೋಂದಣಿಯಾಗಿದ್ದಾರೆ ಎಂದಷ್ಟೇ ಅದರರ್ಥ. ಅವರ ಕೆಲಸ ಚೆನ್ನಾಗಿದೆ ಎಂದು ಸರ್ಕಾರ ಬರೆದುಕೊಟ್ಟಿಲ್ಲ. ಸಬ್ಸಿಡಿ ಗ್ರಾಹಕರ ಬ್ಯಾಂಕ್ ಖಾತೆಗೇ ನೇರ ಬರುತ್ತದೆ ಎಂಬ ಸರಳ ಸಂಗತಿಯನ್ನೂ ಬ್ಯಾನರಿನ ಮೂಲೆಯಲ್ಲಿ ಹಾಕಿದವರು ಕಡಿಮೆ.

ನಾನು ಮೊದಲು ತಂದ ಕಟ್ಟಳೆ ಹೆಸರಿನದು. ಮಾರುವವರು, ಹಾಕಿಕೊಡುವವರು, ಕಂಪನಿಯಲ್ಲಿ ಕೆಲಸ ಮಾಡುವವರು ಎಲ್ಲರೂ ತಮ್ಮ ಹೆಸರಿನ ಜೊತೆಗೇ 'ವೆಂಡರ್' ಎಂದು ಹಾಕಿಕೊಳ್ಳಬೇಕು. ಗುರುತು ಕಾಣುತ್ತಿದ್ದರೆ ಓದುವವರು ತಾವೇ ತೂಗಿಕೊಳ್ಳುತ್ತಾರೆ, ನಾನು ನಡುವೆ ನಿಂತು ಎಚ್ಚರಿಸಬೇಕಿಲ್ಲ. ಒಬ್ಬಿಬ್ಬರು ಮುನಿಸಿಕೊಂಡು ಹೊರಟುಹೋದರು. ಕೆಲವರು "ನಾನು ಕನ್ಸಲ್ಟೆಂಟ್, ವೆಂಡರ್ ಅಲ್ಲ" ಎಂದು ವಾದಿಸಿದರು. ಕೆಲಸ ಕೊಡಿಸಿದ್ದಕ್ಕೆ ದುಡ್ಡು ಬರುತ್ತದಾ? ಬಂದರೆ ವೆಂಡರ್. ಮನೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳಿಗೂ ಇದೇ ಲೆಕ್ಕ, ಯಾಕೆಂದರೆ "ನನಗೆ ಗೊತ್ತಿರೋ ಪಾರ್ಟಿ ಇದ್ದಾರೆ" ಎನ್ನುವ ಮಾತಿನ ಹಿಂದೆ ಕಮಿಷನ್ ಇರುವುದು ಊರಿಗೇ ಗೊತ್ತಿರುವ ವಿಚಾರ.

ಆಮೇಲಿನದು ಫೋನ್ ನಂಬರಿನ ವಿಚಾರ. ಪ್ರಶ್ನೆಗೆ ಗ್ರೂಪಿನಲ್ಲೇ ಪೂರ್ತಿ ಉತ್ತರ ಕೊಡಬೇಕು, "ಕಾಲ್ ಮಾಡಿ ಹೇಳ್ತೀನಿ" ಉತ್ತರವಲ್ಲ. ಕೇಳಿದವರು ತಾವಾಗಿ ಕರೆಯದ ಹೊರತು ಅವರ ಇನ್‌ಬಾಕ್ಸ್‌ಗೆ ಹೋಗುವ ಹಾಗಿಲ್ಲ. ಈ ಎರಡನೆಯದನ್ನು ಮುರಿದವರನ್ನು ಮಾತ್ರ ನಾನು ಒಂದೇ ಸಲಕ್ಕೆ ತೆಗೆದಿದ್ದೇನೆ. ಗ್ರೂಪಿನಲ್ಲಿ ಆಡಿದ್ದು ಹತ್ತು ಕಣ್ಣಿಗೆ ಬೀಳುತ್ತದೆ, ತಪ್ಪಿದ್ದರೆ ಇನ್ನೊಬ್ಬ ವೆಂಡರೇ ತಿದ್ದುತ್ತಾರೆ. ಇನ್‌ಬಾಕ್ಸಿನಲ್ಲಿ ಆಡಿದ ಸುಳ್ಳನ್ನು ತಿದ್ದುವವರಿಲ್ಲ.

ಜಗಳ ಹೇಗೆ ಹತ್ತಿಕೊಳ್ಳುತ್ತದೆ, ಹೇಗೆ ಆರುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗ ಹೇಳಬೇಕು. ಮಾರ್ಚ್ ತಿಂಗಳು, ಚುರುಚುರು ಬಿಸಿಲು. ಸದಸ್ಯರೊಬ್ಬರು ಬರೆದರು: 3 ಕಿಲೋವ್ಯಾಟ್ ಹಾಕಿಸಿದ್ದೀನಿ, ದಿನಕ್ಕೆ 7 ಯೂನಿಟ್ ದಾಟುತ್ತಿಲ್ಲ, ಹಾಕಿದವರು ಮೋಸ ಮಾಡಿದ್ದಾರೆ. ನಮ್ಮ ಕಡೆ ಕಿಲೋವ್ಯಾಟ್‌ಗೆ ವರ್ಷದ ಸರಾಸರಿಯೇ ದಿನಕ್ಕೆ ಸುಮಾರು 4 ಯೂನಿಟ್. ಮಾರ್ಚ್‌ನಲ್ಲಿ 12ಕ್ಕಿಂತ ಕಡಿಮೆ ಬಂದರೆ ದೂರು ನ್ಯಾಯವಾದದ್ದೇ.

ಮುಂದಿನ ಅರ್ಧ ಗಂಟೆ ನೋಡಬೇಕಿತ್ತು. ಒಬ್ಬ ವೆಂಡರ್, "ಆ ಬ್ರ್ಯಾಂಡ್ ಪ್ಯಾನೆಲ್ ಎಲ್ಲ ಹಾಗೇನೇ." ಇನ್ನೊಬ್ಬರು, ಪ್ಯಾನೆಲ್‌ನ ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆಯ ಬಗ್ಗೆ, "ಇನ್ವರ್ಟರ್ ಚೈನಾ ಮಾಲು, ಎರಡು ವರ್ಷ ಬಾಳಲ್ಲ." ಮೂರನೆಯವರು ತಮ್ಮ ಸೈಟಿನ ಫೋಟೋ ಹಾಕಿ, "ನಮ್ಮ ಕೆಲಸ ನೋಡಿ." ಪ್ಲಾಂಟ್ ಹಾಕಿದವರೂ ಗ್ರೂಪಿನಲ್ಲೇ ಇದ್ದರು. ಮೊದಲು ಸುಮ್ಮನಿದ್ದು, ಆಮೇಲೆ "ನನ್ನ ಸೈಟ್ ಬಗ್ಗೆ ಮಾತಾಡೋಕೆ ನೀನ್ಯಾರು" ಎಂದರು. ಮಾತು ಏಕವಚನಕ್ಕೆ ಇಳಿಯಿತು. ಲಾಯರ್ ನೋಟಿಸಿನ ಪ್ರಸ್ತಾಪವೂ ಬಂತು. ದೂರು ಕೊಟ್ಟ ಹಿರಿಯರು ಕಂಗಾಲಾಗಿ, "ಬಿಡಿ, ನಾನು ಕೇಳಿದ್ದೇ ತಪ್ಪಾಯ್ತು" ಎಂದು ಬರೆದರು.

ಅಡ್ಮಿನ್ ಮಾತ್ರ ಬರೆಯಬಹುದಾದ ಹಾಗೆ ಗ್ರೂಪನ್ನು ಸ್ವಲ್ಪ ಹೊತ್ತು ಮುಚ್ಚಿದೆ. "ಎಲ್ಲರೂ ಸೌಜನ್ಯದಿಂದ ವರ್ತಿಸಿ" ಎಂಬ ಬೋರ್ಡ್ ನೇತುಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ, ಅದನ್ನು ಓದಿದವರು ಇನ್ನೂ ಕೆರಳುತ್ತಾರೆ. ಬದಲಿಗೆ ಮೂರು ಫೋಟೋ ಕೇಳಿದೆ: ಇನ್ವರ್ಟರ್ ಆ್ಯಪ್‌ನ ಇಡೀ ದಿನದ ಗ್ರಾಫ್, ಮಧ್ಯಾಹ್ನ 12ಕ್ಕೆ ಇನ್ವರ್ಟರ್ ಪರದೆಯಲ್ಲಿ ಕಾಣುವ ಎಸಿ ವೋಲ್ಟೇಜ್, ಪ್ಯಾನೆಲ್ ಹಿಂಬದಿಯ ಲೇಬಲ್. ಅವು ಬರುವ ತನಕ ಯಾರೂ ಕಾರಣ ಊಹಿಸುವಂತಿಲ್ಲ ಎಂದೆ.

ಮರುದಿನ ಫೋಟೋ ಬಂದವು. ಗ್ರಾಫ್ ಹತ್ತೂವರೆಯ ತನಕ ನುಣ್ಣಗೆ ಏರಿ, ಅಲ್ಲಿಂದ ಮೂರು ಗಂಟೆಯವರೆಗೆ ಗರಗಸದ ಹಲ್ಲಿನ ಹಾಗಿತ್ತು. ಎಸಿ ವೋಲ್ಟೇಜ್ 255. ಕಾರಣ ಅಲ್ಲೇ ಕೂತಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ಲೈನಿನ ವೋಲ್ಟೇಜ್ ನಿಗದಿತ ಮಟ್ಟದ ಶೇ 110 ದಾಟಿದರೆ ಸೋಲಾರ್ ಎರಡು ಸೆಕೆಂಡಿನಲ್ಲಿ ಲೈನ್‌ನಿಂದ ಕಳಚಿಕೊಳ್ಳಬೇಕು. 230ರ ಶೇ 110 ಅಂದರೆ 253. ಬಿಸಿಲು ಏರಿದ ಹಾಗೆ ವೋಲ್ಟೇಜ್ ಏರುತ್ತಿತ್ತು, ಇನ್ವರ್ಟರ್ ಟ್ರಿಪ್ ಆಗುತ್ತಿತ್ತು, ಮತ್ತೆ ಹತ್ತಿಕೊಳ್ಳುತ್ತಿತ್ತು. "ಚೈನಾ ಮಾಲು" ತನಗೆ ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡುತ್ತಿತ್ತು.

ನಾನು ಪ್ಲಾಂಟ್ ಹಾಕಿದವರಿಗೆ ಫೋನ್ ಮಾಡಿ, ಮಲ್ಟಿಮೀಟರ್ ಹಿಡಿದು ಎರಡು ಕಡೆ ಅಳೆಯಲು ಹೇಳಿದೆ. ಮೀಟರ್ ಬೋರ್ಡಿನಲ್ಲಿ 248, ಇನ್ವರ್ಟರ್ ಹತ್ತಿರ 255. ಮೂರನೇ ಮಹಡಿಯ ಇನ್ವರ್ಟರ್‌ನಿಂದ ಗೇಟಿನ ಮೀಟರ್‌ತನಕ ಸುಮಾರು 40 ಮೀಟರ್ ಓಟ, ಎಳೆದದ್ದು 2.5 ಸ್ಕ್ವೇರ್ ಎಂಎಂ ವೈರ್. 12–13 ಆ್ಯಂಪಿಯರ್ ಅದರಲ್ಲಿ ಹರಿದರೆ ಆರೇಳು ವೋಲ್ಟ್ ಅಲ್ಲೇ ಏರುತ್ತದೆ. ಅವರು ಗ್ರೂಪಿನಲ್ಲಿ ತಾವೇ ಬರೆದರು: "ವೈರ್ ಸೈಜ್ ಕಡಿಮೆ ಆಗಿದೆ ಸರ್, 10 ಸ್ಕ್ವೇರ್ ಎಂಎಂ ನನ್ನ ಖರ್ಚಲ್ಲೇ ಎಳೆಸಿಕೊಡ್ತೀನಿ. ಲೈನ್ ವೋಲ್ಟೇಜೂ ಜಾಸ್ತಿ ಇದೆ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಇಳಿಸೋಕೆ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಡ್ರಾಫ್ಟ್ ನಾನು ಮಾಡಿಕೊಡ್ತೀನಿ." ಆ ಮೆಸೇಜಿಗೆ ಬಿದ್ದಷ್ಟು ಹೂವು, ನಮಸ್ಕಾರದ ಗುರುತು ಅವರ ಯಾವ ಜಾಹೀರಾತಿಗೂ ಬಿದ್ದಿರಲಿಲ್ಲ. ಬ್ರ್ಯಾಂಡ್ ಬೈದಿದ್ದ ಇಬ್ಬರು ಅವತ್ತು ಬಾಯಿ ಬಿಡಲಿಲ್ಲ.

ಅಂದಿನಿಂದ ಅದನ್ನೇ ಕಟ್ಟಳೆ ಮಾಡಿದೆ. ಇನ್ನೊಬ್ಬರ ಮಾಲಿನ ಬಗ್ಗೆ ವೆಂಡರ್ ಮಾತಾಡಬೇಕಾದರೆ ಅಳತೆ, ಫೋಟೋ, ಎರರ್ ಕೋಡ್ ಯಾವುದಾದರೊಂದು ಮುಂದಿಡಬೇಕು. ತಮ್ಮ ಮಾಲನ್ನು ಹೊಗಳುವಾಗಲೂ ಅಷ್ಟೇ. "25 ವರ್ಷ ವಾರಂಟಿ" ಎಂದು ಬರೆದರೆ ನಾನು ಬಿಡಿಸಿ ಬರೆಯಿಸುತ್ತೇನೆ: ಆ 25 ವರ್ಷ ಸಾಮಾನ್ಯವಾಗಿ ಪ್ಯಾನೆಲ್ ಇಷ್ಟು ಶೇಕಡಾ ಕರೆಂಟ್ ಕೊಡುತ್ತದೆ ಎನ್ನುವ ಪರ್ಫಾರ್ಮೆನ್ಸ್ ವಾರಂಟಿ. ಪ್ಯಾನೆಲ್ ಕೆಟ್ಟರೆ ಬದಲಿಸಿಕೊಡುವ ಅವಧಿ ಬೇರೆ, ಇನ್ವರ್ಟರ್‌ನದು ಇನ್ನೂ ಬೇರೆ, ಸ್ಟ್ರಕ್ಚರ್‌ನದನ್ನು ಕೇಳಿದರೆ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಹಾಗೆಯೇ ಆನ್‌ಗ್ರಿಡ್ ಮಾರುವವರು ಕರೆಂಟ್ ಹೋದಾಗ ಸೋಲಾರೂ ನಿಲ್ಲುತ್ತದೆ ಎಂದು ಮೊದಲೇ ಹೇಳಬೇಕು. ಲೈನ್‌ಮ್ಯಾನ್ ಕಂಬ ಹತ್ತಿದಾಗ ನಮ್ಮ ಮನೆಯ ಕರೆಂಟ್ ಅವನಿಗೆ ಹೊಡೆಯಬಾರದಲ್ಲ, ಅದಕ್ಕೇ ಆ ವ್ಯವಸ್ಥೆ. ಇದನ್ನು ಮುಚ್ಚಿಟ್ಟು ಮಾರಿದ ಕೇಸುಗಳೇ ಬೈಗುಳವಾಗಿ ತಿರುಗಿ ಗ್ರೂಪಿಗೆ ಬರುತ್ತಿದ್ದವು.

ಜಾಹೀರಾತಿಗೆ ಶನಿವಾರ ಬಿಟ್ಟುಕೊಟ್ಟೆ. ರೇಟ್ ಹಾಕುವುದಾದರೆ ಬಿಡಿಬಿಡಿಯಾಗಿ ಹಾಕಬೇಕು: ಪ್ಯಾನೆಲ್ ಎಷ್ಟು ವ್ಯಾಟ್‌ನದು, ಡಿಸಿಆರ್ ಹೌದೋ ಅಲ್ಲವೋ (ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ ಇರುವ ಡಿಸಿಆರ್ ಪ್ಯಾನೆಲ್ಲೇ ಆಗಬೇಕು), ಇನ್ವರ್ಟರ್ ಮಾಡೆಲ್, ಸ್ಟ್ರಕ್ಚರ್ ಎತ್ತರ, ಡಿಸಿ ಮತ್ತು ಎಸಿ ಕೇಬಲ್ ಸೈಜ್, ಎಷ್ಟು ಅರ್ಥಿಂಗ್ ಪಿಟ್, ಮೀಟರ್ ಖರ್ಚು ಯಾರದು, ಜಿಎಸ್‌ಟಿ ಎಷ್ಟು. ಈ ಕೊನೆಯದು ಸುಮ್ಮನೆ ಸೇರಿಸಿದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸಾಮಾನು 70, ಕೂಲಿ 30 ಎಂಬ ಲೆಕ್ಕದಲ್ಲಿ ಒಟ್ಟು ತೆರಿಗೆ ಶೇ 13.8ರಿಂದ 8.9ಕ್ಕೆ ಬಂತು. ಆಮೇಲೂ ಹಳೇ ಲೆಕ್ಕದ ಕೊಟೇಶನ್ ಹಾಕಿದವರನ್ನು ಹಿಡಿದದ್ದು ನಾನಲ್ಲ, ಇನ್ನೊಬ್ಬ ವೆಂಡರ್. ಮಾತು ಬಹಳ ಮರ್ಯಾದೆಯಾಗಿತ್ತು: "ಸರ್, ರೇಟ್ ಕಾರ್ಡ್ ಹಳೇದು ಅನ್ಸುತ್ತೆ, ಒಂದ್ಸಲ ನೋಡಿ." ಅರ್ಧ ಗಂಟೆಯಲ್ಲಿ ಹೊಸ ಕೊಟೇಶನ್ ಬಂತು.

ಖೋಟಾ ಹೊಗಳಿಕೆ ಹಿಡಿಯುವುದು ಹೆಚ್ಚು ರಗಳೆಯ ಕೆಲಸ. "ಇವರಿಂದ ಹಾಕಿಸಿದೆ, ಸೂಪರ್ ಸರ್ವಿಸ್" ಎನ್ನುವ ಹೊಸ ಖಾತೆ, ಅದು ಹಾಕಿದ ಫೋಟೋ ನೋಡಿದರೆ ವೆಂಡರ್ ಹಿಂದೆಯೇ ಹಾಕಿದ್ದ ಸೈಟಿನದೇ, ನೀರಿನ ಟ್ಯಾಂಕ್ ಕೂಡ ಅದೇ. ವಿಚಾರಿಸಿದರೆ ವೆಂಡರ್‌ನ ಭಾಮೈದ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ, ಹೊಗಳುವವರಿಗೂ ಮಾರುವವರಿಗೂ ಸಂಬಂಧ ಇದ್ದರೆ ಅದನ್ನು ಬಹಿರಂಗಪಡಿಸಬೇಕು ಎನ್ನುತ್ತದೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಅದೇ ವರ್ಷ ಐಎಸ್ 19000 ಎಂಬ ಮಾನದಂಡ ತಂದಿದೆ. ಇವನ್ನು ಪಿನ್ ಮಾಡಿಟ್ಟಿದ್ದೇನೆ, ಆದರೆ ನಿಜವಾಗಿ ಕೆಲಸ ಮಾಡಿದ್ದು ಬೇರೆಯೇ. ಹೊಗಳುವವರು ಇನ್ವರ್ಟರ್ ಆ್ಯಪ್‌ನ ತಿಂಗಳ ಗ್ರಾಫ್ ಹಾಕಬೇಕು ಎಂದೆ. ಭಾಮೈದಂದಿರು ಮಾಯವಾದರು.

ಬಾಯಿ ಹರಿಬಿಡುವವರು ವೆಂಡರ್‌ಗಳು ಮಾತ್ರ ಎಂದುಕೊಳ್ಳಬೇಡಿ. ಕೊಳ್ಳುವವರು "ಎಲ್ಲ ಕಳ್ಳರು" ಎಂದು ಒಂದೇ ಏಟಿಗೆ ಬರೆಯುತ್ತಾರೆ, ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಲರ್‌ಗೆ ಫೋನ್ ಮಾಡಿ ಎತ್ತಲಿಲ್ಲವೆಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಮೀಟರ್ ತಡವಾದದ್ದು ವಿದ್ಯುತ್ ಕಂಪನಿಯಲ್ಲಿ, ಬೈಗುಳ ತಿನ್ನುವವನು ವೆಂಡರ್. ಹಾಗಾಗಿ ದೂರಿಗೂ ಒಂದು ಕ್ರಮ ಇದೆ: ಮೊದಲು ಸಮಸ್ಯೆ ಮಾತ್ರ ಬರೆಯಿರಿ, ಹೆಸರು ಬೇಡ. ವೆಂಡರ್‌ಗೆ ಒಂದು ವಾರ ಕೊಡಿ. ಆಮೇಲೂ ಸರಿಹೋಗದಿದ್ದರೆ ಬಿಲ್, ಫೋಟೋ ಸಮೇತ ಹೆಸರು ಹಾಕಿ, ನಾನು ಅಳಿಸುವುದಿಲ್ಲ. ಹೆಸರು ಹಾಕುವ ತನಕ ಹೋದ ದೂರುಗಳು ಬಹಳ ಕಡಿಮೆ.

ಗ್ರೂಪಿನಲ್ಲಿ ನನಗೆ ಅತ್ಯಂತ ಇಷ್ಟವಾದ ವೆಂಡರ್ ಉತ್ತರ, ಮಾರಾಟ ಬೇಡ ಎಂದದ್ದು. ತಿಂಗಳಿಗೆ 110 ಯೂನಿಟ್ ಉರಿಸುವ ಮನೆಯವರೊಬ್ಬರು 2 ಕಿಲೋವ್ಯಾಟ್‌ಗೆ ರೇಟ್ ಕೇಳಿದ್ದರು. ಆ ವೆಂಡರ್, "ಗೃಹಜ್ಯೋತಿಯಲ್ಲಿ ನಿಮಗೆ ಈಗ ಬಿಲ್ ಎಷ್ಟು ಬರ್ತಿದೆ ಅಕ್ಕಾ?" ಎಂದು ಕೇಳಿದರು. ಸೊನ್ನೆ. "ಹಾಗಾದ್ರೆ ನಿಮ್ಮ ದುಡ್ಡು ವಾಪಸ್ ಬರೋ ಲೆಕ್ಕ ಕೂರಲ್ಲ. ಎಸಿ, ಎಲೆಕ್ಟ್ರಿಕ್ ಸ್ಕೂಟರ್ ಅಂತ ಏನಾದ್ರೂ ಬಂದು ಬಳಕೆ ಏರಿದ್ರೆ ಆಗ ನೋಡೋಣ." 2023ರಿಂದ 200 ಯೂನಿಟ್ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ತಕ್ಕಷ್ಟು ಕರೆಂಟ್‌ಗೆ ಬಿಲ್ ಇಲ್ಲದ ರಾಜ್ಯದಲ್ಲಿ ಸೋಲಾರ್ ಮಾರುವವರು ಈ ಪ್ರಶ್ನೆ ಕೇಳದೆ ಕೊಟೇಶನ್ ಕೊಡುವುದು ನನ್ನ ಪ್ರಕಾರ ಅಪ್ರಾಮಾಣಿಕತೆ. ಆ ಉತ್ತರದ ಸ್ಕ್ರೀನ್‌ಶಾಟ್ ಇವತ್ತಿಗೂ ಬೇರೆ ಗ್ರೂಪುಗಳಲ್ಲಿ ಓಡಾಡುತ್ತಿದೆ.

ಇನ್ವರ್ಟರ್ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್ ಒಬ್ಬರೂ ಇದ್ದಾರೆ. ಮಳೆ ಬಂದ ಮರುದಿನ ಬೆಳಿಗ್ಗೆ 'ಐಸೊಲೇಷನ್ ಫಾಲ್ಟ್' (ಕರೆಂಟ್ ನೆಲಕ್ಕೆ ಸೋರುತ್ತಿರಬಹುದು ಎಂಬ ಎಚ್ಚರಿಕೆ) ಎಂಬ ಫೋಟೋಗಳು ಸಾಲಾಗಿ ಬರುತ್ತವೆ. ಅವರು ಮೊದಲ ಸಾಲಿನಲ್ಲೇ "ನಾನು ಕಂಪನಿಯವನು" ಎಂದು ಬರೆದು, ಪ್ಯಾನೆಲ್ ವೈರ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ನೊಳಗೆ ನೀರು ಹೋಗಿರಬಹುದು, ಕೈ ಹಾಕಬೇಡಿ, ಇನ್‌ಸ್ಟಾಲರ್‌ಗೆ ಹೇಳಿ, ಎರಡು ಬೇರೆ ಕಂಪನಿಯ ಕನೆಕ್ಟರ್ ಸಿಕ್ಕಿಸಿದ್ದರೆ ಅದನ್ನೂ ನೋಡಲು ಹೇಳಿ ಎಂದು ತಿಳಿಸುತ್ತಾರೆ. ತಮ್ಮ ಕಂಪನಿಯ ಇನ್ವರ್ಟರೋ ಬೇರೆಯವರದೋ ಎಂದು ನೋಡುವುದಿಲ್ಲ. ಅವರನ್ನು ನೋಡಿ ಉಳಿದವರ ಧಾಟಿ ಬದಲಾದಷ್ಟು ನನ್ನ ಕಟ್ಟಳೆಗಳಿಂದ ಬದಲಾಗಿಲ್ಲ.

ಈಗಿನ ತಲೆನೋವು ಲಿಥಿಯಂ ಬ್ಯಾಟರಿ. ಒಬ್ಬರು ಕಿಲೋವ್ಯಾಟ್ ಅವರ್‌ನಲ್ಲಿ ರೇಟ್ ಹಾಕುತ್ತಾರೆ, ಇನ್ನೊಬ್ಬರು ಆ್ಯಂಪಿಯರ್ ಅವರ್‌ನಲ್ಲಿ, ಮತ್ತೊಬ್ಬರು "ಎಂಟು ಗಂಟೆ ಬ್ಯಾಕಪ್" ಎನ್ನುತ್ತಾರೆ, ಎಷ್ಟು ಲೋಡಿಗೆ ಎಂದು ಹೇಳುವುದಿಲ್ಲ. ಶನಿವಾರದ ನಮೂನೆಗೆ ಬ್ಯಾಟರಿ ಕಾಲಂ ಸೇರಿಸಬೇಕು. ವೋಲ್ಟೇಜ್, ಬಳಸಲು ಸಿಗುವ ಕಿಲೋವ್ಯಾಟ್ ಅವರ್, ಸೈಕಲ್ ವಾರಂಟಿ (ಎಷ್ಟು ಸಲ ಚಾರ್ಜ್ ಆಗಿ ಖಾಲಿಯಾಗುವ ತನಕ ಗ್ಯಾರಂಟಿ) ಎಂದು ಮೂರು ಬರೆದು ವೆಂಡರ್‌ಗಳಿಗೇ ತಿದ್ದಲು ಕೊಟ್ಟಿದ್ದೇನೆ. ಸದ್ಯಕ್ಕೆ ಎರಡನೆಯದರ ಮೇಲೆ ವಾದ ನಡೆಯುತ್ತಿದೆ, ಬಹುವಚನದಲ್ಲೇ.